ಕಾಗಿಣಾ ದಂಡೆಯಲ್ಲಿ ನಿಂತ ಗಾಲಿ ಮನೆಯ ರೋಜನಾಮಚಾ

ಓದುವ ಹಿರಿಯರಿಗೆ, ಕಿರಿಯರಿಗೆ, ಅಕ್ಕ ತಂಗಿಯರಿಗೆ ಶರಣು ಶರಣಾರ್ಥಿ. ನಾನು ಶಾಲೆಗೆ ಕಾಲಿಟ್ಟಾಗ ನನಗೆ ಆಗಲೇ ಮೀಸೆ ಚಿಗುರಿತ್ತು. ಅದೂ ಉರ್ದು ಶಾಲೆ. ಕನ್ನಡ ಬರೆಯಲು ಕಲಿತದ್ದು ಮದುವೆಯಾದ ಮೇಲೆ, ಹೆಂಡತಿಯ ಹತ್ತಿರ. ಈಗ ಈ ಟೈಪು ಯಂತ್ರದ ಮುಂದೆ ಕುಳಿತು ಒಂದೇ ಬೆರಳಿನಿಂದ ಹೊಡೆಯುತ್ತಿದ್ದೇನೆ. ಒಂದು ಸಾಲು ಮುಗಿಯುವಷ್ಟರಲ್ಲಿ ಚಹಾ ಆರಿರುತ್ತದೆ. ತಪ್ಪು ಸಿಕ್ಕರೆ ದೊಡ್ಡ ಮನಸ್ಸು ಮಾಡಿ ಮನ್ನಿಸಿರಿ. ಆದರೆ ಇಲ್ಲಿ ಬರೆದ ಸಂಗತಿ ತಪ್ಪಲ್ಲ. ನಂಬಲು ಕಷ್ಟವಾದೀತು, ಅಷ್ಟೇ.

ಎರಡನೇ ಮಹಾಯುದ್ಧ ನಡೆದಿದ್ದ ಕಾಲ. ನಮ್ಮ ಕಡೆ ನಿಜಾಮರ ರಾಜ್ಯ. ಊರೂರಿನ ಬಾವಿಗಳನ್ನು ತಪಾಸಣೆ ಮಾಡುವ ಒಬ್ಬ ಸಾಹೇಬರ ಕೈಕೆಳಗೆ ನಾನು ಮೊಹರೀರ್, ಅಂದರೆ ಬರೆಯುವವನು. ಅದೂ ಹಂಗಾಮಿ. ಯಾವ ದಿನ ಬೇಕಾದರೂ ಮನೆಗೆ ಹೋಗು ಅನ್ನಬಹುದಾದ ನೌಕರಿ.

ಚಿಂಚೋಳಿ ಕಡೆಯ ಒಂದು ಊರಿನಲ್ಲಿ ನನ್ನ ಸೋದರಮಾವ ಗೌಡ. ಮಾವನ ಮಗಳನ್ನು ನನಗೇ ಕೊಡಬೇಕೆಂದು ತೊಟ್ಟಿಲಲ್ಲೇ ಮಾತಾಗಿತ್ತು. ಆದರೆ ನಾನು ಮಾತೆತ್ತಿದಾಗಲೆಲ್ಲ ಮಾವ ಒಂದೇ ಹಾಡು ಹಾಡುತ್ತಿದ್ದ.

"ಅಳಿಯಾ, ನಿನ್ನ ನೌಕರಿ ಹಂಗಾಮಿ ಅದ. ಹಂಗಾಮಿ ಮನಷ್ಯಾಗ ಕಾಯಂ ಮಗಳನ್ನ ಹ್ಯಾಂಗ ಕೊಡ್ಲಿ? ಕಾಯಂ ಮಾಡಿಸ್ಕೊಂಡು ಬಾ. ಮರುದಿನಾನೇ ಅಕ್ಷತಿ."

ಅಷ್ಟರಲ್ಲಿ ವಾಡಿ ಜಂಕ್ಷನ್ನಿನಲ್ಲಿ ರೈಲಿನ ಕೆಲಸ ಮಾಡುವ ಇನ್ನೊಬ್ಬ ವರನ ಸುದ್ದಿ ಬಂತು. ಅವನು ಕಾಯಂ. 

ಸಾಹೇಬರ ಮುಂದೆ ಹೋಗಿ ನಿಂತೆ. ಅವರು ಹೈದರಾಬಾದು ಶಹರದವರು, ಭಾಳ ಒಳ್ಳೆಯ ಮನುಷ್ಯ, ಸುಳ್ಳಿಗೆ ಹೆದರುವವರು. "ಈ ಸಲದ ದೌರೆಯ ರೋಜನಾಮಚಾ ಒಂದು ಖಾನೆಯೂ ಖಾಲಿ ಬಿಡದೆ ಬರೆದು ತೋರಿಸು, ನಿನ್ನನ್ನು ಕಾಯಂ ಮಾಡಲು ದೊಡ್ಡ ಸಾಹೇಬರಿಗೆ ಬರೆಯುತ್ತೇನೆ" ಎಂದರು. ದೌರೆ ಎಂದರೆ ಊರೂರು ತಿರುಗಿ ಮಾಡುವ ತಪಾಸಣೆ. ರೋಜನಾಮಚಾ ಎಂದರೆ ಅದರ ದಿನಚರಿ. ತಾರೀಖು, ಮುಕ್ಕಾಂ, ಬಾವಿಯ ಆಳ, ನೀರು, ಗೌಡರ ಸಹಿ, ಹೀಗೆ ಖಾನೆಗಳು. ಕೊನೆಯದು ಕೈಫಿಯತ್ತಿನ ಖಾನೆ. ಅದು ಮೊಹರೀರನ ಸ್ವಂತದ್ದು. ಮುಕ್ಕಾಮಿನಲ್ಲಿ ತನ್ನ ಕಣ್ಣಿಗೆ ಬಿದ್ದದ್ದನ್ನು ಅವನು ಬರೆಯಬೇಕು. ಕಾಣದ್ದನ್ನು ಬರೆಯಬಾರದು, ಖಾಲಿಯನ್ನೂ ಬಿಡಬಾರದು, ಸಾಹೇಬರು ಅದನ್ನು ಓದಲೂ ಬಾರದು, ತಿದ್ದಲೂ ಬಾರದು.

ಆ ವರ್ಷದ ದೌರೆಗೆ ಸಾಹೇಬರು ಗಾಲಿ ಮನೆ ಮಾಡಿಸಿದ್ದರು. ಅವರು ಅದಕ್ಕೆ ಟ್ರೇಲರ್ ಅನ್ನುತ್ತಿದ್ದರು. ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಅದರ ಚಿತ್ರ ನೋಡಿ ಮನಸ್ಸು ಹೋಗಿತ್ತು. ಮೂರು ವರ್ಷ ಅರ್ಜಿ ಬರೆದು ಬರೆದು ಮಂಜೂರಿ ತಂದರು. ಕಟ್ಟಿದವನು ವಾಡಿಯ ಒಬ್ಬ ಬಡಗಿ. ಜೀವಮಾನವೆಲ್ಲ ರೈಲಿನ ಡಬ್ಬಿ ರಿಪೇರಿ ಮಾಡಿದ ಕೈ ಅದು. ಮನೆ ಕಟ್ಟು ಅಂದರೂ ಅವನ ಕೈಯಿಂದ ಡಬ್ಬಿಯೇ ಹುಟ್ಟಿತು. ಸಾಗವಾನಿಯ ಗೋಡೆ, ಮೇಲೆ ಕೆಳಗೆ ಎರಡು ಹಲಗೆ ಹಾಸಿಗೆ, ಎತ್ತಿ ಇಳಿಸುವ ಕಿಡಕಿ. ಇಷ್ಟು ಸಾಲದೆಂದು ರೈಲು ನಿಲ್ಲಿಸುವ ಸರಪಳಿಯನ್ನೂ ಹಾಕಿದ್ದ. ಅದನ್ನು ಎಳೆದರೆ ಮುಂದಿನ ಮೋಟಾರಿನಲ್ಲಿ ಗಂಟೆ ಬಾರಿಸುತ್ತಿತ್ತು.

ಮೋಟಾರು ಇತ್ತು, ಪೆಟ್ರೋಲು ಇರಲಿಲ್ಲ. ಯುದ್ಧ ಅದನ್ನೆಲ್ಲ ಕುಡಿದಿತ್ತು. ಎತ್ತುಗಳನ್ನು ನೇರವಾಗಿ ಗಾಲಿ ಮನೆಗೆ ಹೂಡೋಣವೆಂದರೆ ಅದರ ಕೊಂಡಿ ಮೋಟಾರಿಗೆ ಬಿಟ್ಟು ಬೇರೆ ಯಾವುದಕ್ಕೂ ಕೂಡುತ್ತಿರಲಿಲ್ಲ. ಕಡೆಗೆ ಎರಡು ಜೋಡಿ ಎತ್ತು ಮೋಟಾರನ್ನು ಎಳೆದವು, ಮೋಟಾರು ಗಾಲಿ ಮನೆಯನ್ನು ಎಳೆಯಿತು. ಎತ್ತಿನವನು ಚಿತ್ತಾಪುರದ ಒಬ್ಬ ರೈತ, ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಮೋಟಾರಿನ ಡ್ರೈವರ್ ಮುದುಕ ಚಾಚಾ, ಖಾಕಿ ಕೋಟು, ಟೋಪಿ ಹಾಕಿ ಚಕ್ರ ಹಿಡಿದೇ ಕೂರುತ್ತಿದ್ದ. ಇಬ್ಬರಿಗೂ ದಿನಾ ಒಂದೇ ಜಗಳ.

"ಚಾಚಾ, ಆ ಪೋಂಗಾ ಊದಬ್ಯಾಡ್ರಿ, ಎತ್ತು ಬೆದರ್ತಾವ."

"ತಿರುವು ಬಂದಾಗ ಹಾರನ್ ಹೊಡೀಬೇಕು, ಕಾನೂನು ಅದ. ನಾ ಗಾಡಿ ಹೊಡ್ಯೂದು ನಿನ್ನ ಕಡಿಂದ ಕಲೀಬೇಕೇನು?"

"ಗಾಡಿ ನೀವ್ ಹೊಡ್ಯಾಕತ್ತೀರಿ? ಮತ್ತ ನಾ ಏನ್ ಮಾಡ್ಲಿಕತ್ತೀನ್ರಿ ಮುಂದ?"

"ನೀ ಪೆಟ್ರೋಲ್ ಇದ್ದಂಗ" ಎಂದ ಚಾಚಾ. ಕಾಕಾ ಆ ದಿನ ಊಟ ಬಿಟ್ಟ.

ವಾಡಿಯಿಂದ ಹೊರಟೆವು. ಶಹಾಬಾದಿನಲ್ಲಿ ಕಲ್ಲಿನ ಗಣಿಯ ಜನ ಕೆಲಸ ಬಿಟ್ಟು ನೋಡಲು ಬಂದರು. ನಾಟಕದ ಕಂಪನಿ ಬಂತೆಂದು ಅವರ ಎಣಿಕೆ.

"ಇವತ್ತ ಆಟ ಯಾವುದ್ರಿ?" ಎಂದು ಒಬ್ಬ ಕೇಳಿದ.

"ಬಾವಿ ತಪಾಸಣಿ" ಎಂದರು ಸಾಹೇಬರು ಕಿಡಕಿಯಿಂದ.

"ಹೊಸಾ ನಾಟಕಾನೇನ್ರಿ? ಹೆಣ್ಣು ಪಾರ್ಟು ಯಾರು ಮಾಡ್ತಾರ?" ಅವನ ಕಣ್ಣು ನನ್ನ ಮೇಲಿತ್ತು.

ಶಹಾಬಾದು, ಚಿತ್ತಾಪುರ ದಾಟುವವರೆಗೆ ನನ್ನ ರೋಜನಾಮಚಾ ಕನ್ನಡಿಯಂತೆ ಇತ್ತು. ಎಲ್ಲ ಖಾನೆ ಭರ್ತಿ. ಸೇಡಂ ಇನ್ನು ಎರಡು ಹರದಾರಿ ಇರುವಾಗ ಕಾಗಿಣಾ ಹೊಳೆಯ ದಂಡೆಯಲ್ಲಿ ಅಕಾಲದ ಮಳೆ ಹೊಡೆಯಿತು. ನಮ್ಮ ಕಡೆಯ ಎರೆ ಮಣ್ಣು ನೀರು ಕಂಡರೆ ಬೆಣ್ಣೆ. ಗಾಲಿ ಮನೆ ನಿಧಾನಕ್ಕೆ, ಬಾಣಂತಿ ಕೂತಂತೆ, ಅಚ್ಚಿನವರೆಗೆ ಕೂತುಬಿಟ್ಟಿತು.

ಚಾಚಾ ಮೋಟಾರಿನಿಂದ ಇಳಿದು ಬಂದು ಸಿಟ್ಟಿನಿಂದ ಕೇಳಿದ: "ಸರಪಳಿ ಯಾರು ಎಳದ್ರು?"

ಯಾರೂ ಎಳೆದಿರಲಿಲ್ಲ. ಎತ್ತುಗಳು ಎಳೆದರೂ ಗಾಲಿ ಮನೆ ಮೇಲೆ ಬರಲಿಲ್ಲ. ಮೋಟಾರನ್ನು ಬಿಡಿಸಿ ಆಚೆ ತಂದೆವು. ಮೊದಲ ನಾಲ್ಕು ದಿನ ಕೆಸರು ಹೆಚ್ಚೆಂದು ಎಬ್ಬಿಸಲು ಆಗಲಿಲ್ಲ. ಆಮೇಲೆ ಬಿಸಿಲು ಬಿದ್ದು ಮಣ್ಣು ಗಾಲಿಯ ಸುತ್ತ ಕಲ್ಲಿನಂತೆ ಗಟ್ಟಿಯಾಯಿತು, ಆಗ ಅಗೆಯಲು ಆಗಲಿಲ್ಲ. ಕಾಕಾನ ಹಾರೆಯ ಮೂತಿ ಸೊಟ್ಟಾಯಿತು.

ಸಿಕ್ಕಿಬಿದ್ದ ಮರುದಿನವೇ ಆಡಕಿ ಕಡೆಯ ಗೌಡರೊಬ್ಬರು ಬಂಡಿ ಕಟ್ಟಿಕೊಂಡು ಹುಡುಕುತ್ತ ಬಂದರು. ಅಂದು ನಮ್ಮ ಮುಕ್ಕಾಂ ಅವರ ಊರಿನಲ್ಲಿ. ದೌರೆಯ ಪ್ರೋಗ್ರಾಮು ಕಲಬುರ್ಗಿಯಿಂದ ಮೊಹರಿನ ಠಸ್ಸೆ ಬಿದ್ದು ಬಂದದ್ದು. ಯಾವ ತಾರೀಖಿಗೆ ಯಾವ ಊರು ಎಂಬುದು ಕಲ್ಲಿನ ಮೇಲೆ ಕೆತ್ತಿದ ಹಾಗೆ.

"ಸಾಹೇಬ್ರ, ಇವತ್ತ ನಮ್ಮ ಬಾವಿ ತಪಾಸಣಿ ಆಗಲಿಲ್ಲಂದ್ರ ಹೂಳು ತಗಸ್ಲಿಕ್ಕ ಮಂಜೂರಿ ಬರಂಗಿಲ್ರಿ. ಮತ್ತ ಒಂದ್ ವರ್ಷ ಕೆಸರು ನೀರೇ ಗತಿ. ನನ್ನ ಬಂಡ್ಯಾಗ ಬರ್ರಿ, ಸಂಜಿಮುಂದ ತಂದು ಬಿಡ್ತೀನಿ."

ಸಾಹೇಬರು ಪೆಟ್ಟಿಗೆಯಿಂದ ಮಂಜೂರಿ ಕಾಗದ ತೆಗೆದರು. "ಇಲ್ಲಿ ನೋಡ್ರಿ ಗೌಡ್ರ. 'ಟ್ರೇಲರಿನಲ್ಲಿ ಮುಕ್ಕಾಂ ಮಾಡಿ ತಪಾಸಣೆ ಮಾಡತಕ್ಕದ್ದು.' ಮಂಜೂರಿ ಇದಕ್ಕ ಆಗ್ಯಾದ, ನನಗ ಆಗಿಲ್ಲ. ನಾ ಇದರಾಗಿಂದ ಇಳದು ಬಂದ್ರ ನಾ ಯಾರು? ಬರೇ ಮನಷ್ಯಾ!"

ಗೌಡರು ಕಟ್ಟಿಗೆಯ ಮೆಟ್ಟಿಲ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡು ಯೋಚಿಸಿದರು. ಕಡೆಗೆ ಕೇಳಿದರು: "ನೀವು ಬಾವಿಗಿ ಬಂದು ಏನ್ ಮಾಡ್ತೀರ್ರಿ?"

"ಹಗ್ಗಕ್ಕ ಕಲ್ಲು ಕಟ್ಟಿ ಬಿಡ್ತೀವಿ. ಒಣಾ ಹಗ್ಗ ಎಷ್ಟು, ತೊಯ್ದ ಹಗ್ಗ ಎಷ್ಟು ನೋಡ್ತೀವಿ. ನೀರು ಕುಡದು ನೋಡ್ತೀವಿ."

"ಹಂಗಿದ್ರ ಬಾವಿ ಬರೂದು ಬ್ಯಾಡ್ರಿ. ಹಗ್ಗ ಬರ್ತದ, ನೀರು ಬರ್ತದ."

ಇಳಿಹೊತ್ತಿಗೆ ಗೌಡರು ತೊಯ್ದ ಹಗ್ಗ, ಒಂದು ಕೊಡ ನೀರು ತಂದರು. ನಾನು ಮಾರು ಹಾಕಿ ಅಳೆದೆ. ಸಾಹೇಬರು ನೀರು ಕುಡಿದು ತಲೆಯಾಡಿಸಿದರು. ಆದರೆ ಸಹಿ ಮಾಡಲು ಅವರ ಕೈ ಏಳಲಿಲ್ಲ. "ಈ ಊರಿನಲ್ಲಿ ಕಾಲಿಟ್ಟೆ ಅಂತ ಬರೆಯಬೇಕಲ್ಲ, ಸುಳ್ಳಾಗುತ್ತದೆ" ಎಂದರು. ಮುಖ ಸಣ್ಣದಾಗಿತ್ತು.

ಗೌಡರು ಮತ್ತೆ ಊರಿಗೆ ಹೋಗಿ, ಕತ್ತಲಾಗುವ ಮುಂಚೆ ಒಂದು ಪುಟ್ಟಿ ಮಣ್ಣು ತಂದು ಸಾಹೇಬರ ಕುರ್ಚಿಯ ಕೆಳಗೆ ಸುರುವಿದರು. "ನಮ್ಮೂರ ಅಗಸಿ ಬಾಗ್ಲ ಮುಂದಿನ ಮಣ್ಣದ್ರಿ. ಕಾಲಿಡ್ರಿ."

ಸಾಹೇಬರು ಬೂಟು ಕಳಚಿ, ಭಕ್ತಿಯಿಂದ ಎರಡೂ ಪಾದ ಮಣ್ಣಿನ ಮೇಲೆ ಇಟ್ಟು ಸಹಿ ಹಾಕಿದರು. ಅವರ ಆತ್ಮಕ್ಕೆ ಸಮಾಧಾನವಾಯಿತು.

ಸುದ್ದಿ ಊರಿಂದೂರಿಗೆ ಓಡಿತು. ಮರುದಿನ ಮುಂದಿನ ಊರಿನ ಗೌಡ ತಾನೇ ಬಂದ. ಅದರ ಮರುದಿನ ಅದರಾಚೆಯವನು. ಪ್ರೋಗ್ರಾಮಿನ ತಾರೀಖು ಒಂದೂ ತಪ್ಪಲಿಲ್ಲ. ನಾವು ಕೂತಲ್ಲೇ ಕೂತಿದ್ದೆವು, ತಾಲ್ಲೂಕು ನಮ್ಮ ಮುಂದೆ ಹಾದುಹೋಗುತ್ತಿತ್ತು. ದೂರದ ಊರಿನವರು ದಾರಿಯಲ್ಲಿ ಹಗ್ಗ ಒಣಗಬಾರದೆಂದು ತೊಯ್ದ ಗೋಣಿಚೀಲದಲ್ಲಿ ಸುತ್ತಿ ತರುತ್ತಿದ್ದರು. ಇಡೀ ಹಗ್ಗವೇ ನೆನೆದು, ಅವರ ಬಾವಿಗಳಲ್ಲಿ ನೀರು ಬಾಯಿತನಕ ಇದೆ ಎಂದು ಲೆಕ್ಕ ಬಂತು. ಅಂಥ ಬಾವಿಗೆ ಹೂಳು ತೆಗೆಸುವುದು ಯಾಕೆ ಎಂದು ಸಾಹೇಬರು ಕೇಳಿದ ಮೇಲೆ ನೀರಿನ ಗುರುತಿಗೆ ಗಂಟು ಹಾಕಿ ತರತೊಡಗಿದರು.

ಎಲ್ಲ ಸರಿ. ನನ್ನ ಖಾನೆಯ ಗತಿ? ಕೈಫಿಯತ್ತಿನಲ್ಲಿ ನಾನು ಮುಕ್ಕಾಮಿನಲ್ಲಿ ಕಂಡದ್ದನ್ನು ಬರೆಯಬೇಕು. ಖಾಲಿ ಬಿಟ್ಟರೆ ಕಾಯಂ ಆಗುವುದಿಲ್ಲ. ಕಾಣದ ಊರಿನ ಗುಡಿ, ಕೆರೆ ಬರೆದರೆ ಸುಳ್ಳು. ಮೊದಲ ದಿನ, ಆಡಕಿ ಕಡೆಯ ಗೌಡರು ಹಗ್ಗ ತರಲು ಹೋದಾಗ, ಲೆಕ್ಕಣಿಕೆ ಹಿಡಿದು ಕೂತೆ. ಕಿಡಕಿಯ ಹೊರಗೆ ಮೂಡಲಿಗೆ ಒಂದು ಜಾಲಿಗಿಡ. ಕೈ ಚಾಚಿದರೆ ಸಿಗುವಷ್ಟು ಹತ್ತಿರದ ಟೊಂಗೆಯಲ್ಲಿ ಬೆಳವನ ಹಕ್ಕಿಯ ಗೂಡು. ಕಂಡದ್ದು ಅದೇ, ಬರೆದದ್ದೂ ಅದೇ: "ಕಿಡಕಿಯ ಮೂಡಲಿಗೆ ಒಂದು ಜಾಲಿಗಿಡವಿದೆ. ಅದರಲ್ಲಿ ಬೆಳವನ ಗೂಡು. ಎರಡು ತತ್ತಿ."

ಮರುದಿನ, ಮುಂದಿನ ಊರಿನ ಹೆಸರಿನ ಎದುರು: "ಕಿಡಕಿಯ ಮೂಡಲಿಗೆ ಒಂದು ಜಾಲಿಗಿಡವಿದೆ. ಬೆಳವನ ಗೂಡು. ತತ್ತಿ ಒಡೆದು ಎರಡು ಮರಿ."

ಅದರ ಮುಂದಿನ ಊರಿಗೆ: "ಜಾಲಿಗಿಡ. ಮರಿಗಳು ಕಣ್ಣು ಬಿಟ್ಟಿಲ್ಲ. ತಾಯಿ ನಾನು ಕೆಮ್ಮಿದರೆ ಹೆದರುವುದಿಲ್ಲ."

ಹೀಗೇ ನಡೆಯಿತು. ನನಗೇನೂ ವಿಚಿತ್ರ ಅನ್ನಿಸಲಿಲ್ಲ. ಖಾನೆ ತುಂಬುತ್ತಿತ್ತು, ಸುಳ್ಳು ಬರೆಯುತ್ತಿರಲಿಲ್ಲ. ಸಾಹೇಬರು ನಿಯಮದಂತೆ ನನ್ನ ಖಾನೆಯ ಮೇಲೆ ಅಂಗೈ ಮುಚ್ಚಿಕೊಂಡೇ ಸಹಿ ಮಾಡುತ್ತಿದ್ದರು.

ಒಂಬತ್ತನೆಯ ದಿನ ಸೋದರಮಾವನ ಸರದಿ. ಎರಡು ದಿನ ಬಂಡಿಯಲ್ಲಿ ಕೂತು ಬಂದಿದ್ದ. ಹಗ್ಗ, ಕೊಡ, ಟವೆಲ್ಲಿನಲ್ಲಿ ಕಟ್ಟಿದ ಚಿಂಚೋಳಿಯ ಕೆಂಪು ಮಣ್ಣು. ಮೊದಲು ಗಾಲಿ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬಗ್ಗಿ ಗಾಲಿ ನೋಡಿದ.

"ಅಳಿಯಾ, ಊರೂರು ತಿರಗ್ಲಿಕತ್ತೀನಿ ಅಂತ ಕಾಗದ ಬರದಿದ್ದಿ. ಗಾಲ್ಯಾಗ ಹುಲ್ಲು ಬೆಳದದಲ್ಲೋ!"

"ಕಾಗದದಾಗ ತಿರಗ್ಲಿಕತ್ತೀನಿ ಮಾಮಾ."

"ಹ್ಞಾಂ. ಹಂಗಾದ್ರ ಮದುವಿನೂ ಕಾಗದದಾಗ ಮಾಡ್ಕೋ."

ಸಾಹೇಬರು ಕೆಂಪು ಮಣ್ಣಿನ ಮೇಲೆ ಕಾಲಿಟ್ಟು ಸಹಿ ಹಾಕಿದರು. ಮಾವ ಅವರ ಪಾದಗಳನ್ನೇ ನೋಡುತ್ತ ನಿಂತ. ಆಮೇಲೆ ಗಂಟು ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತೆಗೆದ. "ನಮ್ಮೂರ ಮಣ್ಣಾಗ ನಿಂತೀರಂದ್ರ ನೀವು ನಮ್ಮೂರಿಗೆ ಬಂದಂಗ್ರಿ. ನಮ್ಮೂರಿಗೆ ಬಂದವ್ರನ್ನ ಉಣ್ಣದ ಕಳಿಸಂಗಿಲ್ಲ. ಕುಂದ್ರಿ." ಎಲ್ಲರೂ ಅದೇ ಮಣ್ಣಿನ ಸುತ್ತ ಕೂತು ಉಂಡೆವು. ಒಂದು ಪುಟ್ಟಿಯಷ್ಟು ಊರಿನಲ್ಲಿ ಐದು ಜನ.

ಹೊರಡುವಾಗ ಮಾವ ನನ್ನನ್ನು ಪಕ್ಕಕ್ಕೆ ಕರೆದ. ದನಿ ಇಳಿದಿತ್ತು. "ಇದು ದೊಡ್ಡ ಸಾಹೇಬ್ರಿಗೆ ಗೊತ್ತಾದ್ರ ಕಾಯಂ ಬಿಡು, ಹಂಗಾಮೀನೂ ಉಳ್ಯಂಗಿಲ್ಲ. ಹುಣ್ಣಿಮಿ ದಿನ ವಾಡಿಯವರು ನೋಡ್ಲಿಕ್ಕ ಬರ್ತಾರ. ನಾ ಎಷ್ಟಂತ ತಡೀಲಿ? ಅಲ್ಲೀತನಕ ನಿನ್ನ ದಾರಿ ನೋಡ್ತೀನಿ."

"ಆಕಿ ಏನಂದ್ಲು ಮಾಮಾ?"

"ಗಾಲಿ ಮನ್ಯಾಗ ಒಲಿ ಎಲ್ಲದ ಅಂತ ಕೇಳ್ಯಾಳ."

ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ. ಒಲೆ ಹೊರಗೆ ಮೂರು ಕಲ್ಲಿನ ಮೇಲೆ ಇದೆ ಎಂದು ಹೇಳಿ ಕಳಿಸಿದೆ.

ದೌರೆಯ ಕೊನೆಯ ಮುಕ್ಕಾಂ ಚಿಂಚೋಳಿ. ಪ್ರೋಗ್ರಾಮಿನಂತೆ ಅಂದು ದೊಡ್ಡ ಸಾಹೇಬರು ಅಲ್ಲಿ ನಮ್ಮನ್ನು ಭೇಟಿಯಾಗಬೇಕು. ಅವರು ಒಂದು ದಿನ ಮೊದಲೇ ಹೋಗಿ ನೋಡುತ್ತಾರೆ, ಗಾಲಿ ಮನೆಯ ಸುಳಿವೂ ಇಲ್ಲ, ಎತ್ತೂ ಇಲ್ಲ. ವಿಚಾರಿಸಿದರೆ ಊರವರು ಹೇಳಿದರಂತೆ: "ಗಾಲಿ ಮನಿ ಬರೂದಿಲ್ರಿ ಸಾಹೇಬ್ರ. ನಾವೇ ಅದಕ್ಕ ಬರ್ತೀವಿ. ನಮ್ಮ ಗೌಡ್ರು ಹಗ್ಗ ತಗೊಂಡು ಮೊನ್ನೇನೇ ಹೋಗ್ಯಾರ."

ಹುಣ್ಣಿಮೆಗೆ ನಾಲ್ಕು ದಿನ ಇತ್ತು. ನಾವು ಸಿಕ್ಕಿಬಿದ್ದು ಹದಿನಾರನೆಯ ಬೆಳಿಗ್ಗೆ, ಚಿಂಚೋಳಿ ಗೌಡರ ಹಗ್ಗ ಅಳೆದು ಸಹಿ ಮುಗಿಯುವಷ್ಟರಲ್ಲಿ, ಸೇಡಂ ಕಡೆಯಿಂದ ಒಂದು ಟಾಂಗಾ ಬಂತು. ಚಾಚಾ ದೂರದಿಂದಲೇ ಗುರುತು ಹಿಡಿದು, ಎತ್ತಿಲ್ಲದ ಮೋಟಾರಿನಲ್ಲಿ ಏರಿ ಕೂತು ಚಕ್ರ ಹಿಡಿದ. 

ದೊಡ್ಡ ಸಾಹೇಬರು ಒಳಗೆ ಬಂದರು. ಗೋಡೆಯ ಬದಿಗೆ ಸಾಲಾಗಿ ಮಣ್ಣಿನ ಗುಡ್ಡೆಗಳು: ಕಪ್ಪು, ಬೂದಿ, ಕೆಂಪು. ಪ್ರತಿಯೊಂದರ ಮೇಲೂ ಒಂದು ಜೊತೆ ಪಾದದ ಗುರುತು. ಅವರು ಯಾವುದನ್ನೂ ತುಳಿಯದಂತೆ ದಾಟಿ ಬಂದು ಕುಳಿತರು. ನಮ್ಮ ಸಾಹೇಬರು ಹಗ್ಗದ ಕತೆ, ಗಂಟಿನ ಕತೆ, ಮಣ್ಣಿನ ಕತೆ ಎಲ್ಲ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ದೊಡ್ಡ ಸಾಹೇಬರು ರೋಜನಾಮಚಾ ಬಿಡಿಸಿದರು. ಅವರ ಬೆರಳು ಎಲ್ಲ ಖಾನೆ ದಾಟಿ ನೇರ ನನ್ನ ಖಾನೆಗೆ ಹೋಯಿತು. ಒಂದು ಹಾಳೆ ಓದಿದರು. ಹಿಂದಿನ ಹಾಳೆ ನೋಡಿದರು. ಮುಂದಿನ ಹಾಳೆ ನೋಡಿದರು. ಅವರ ಮಾತು ಉರ್ದು, ನಾನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ.

"ಇದನ್ನು ಬರೆದವನು ಯಾರು?"

"ನಾನ್ರಿ ಸಾಹೇಬ್ರ."

"ಈ ತಾಲ್ಲೂಕಿನ ಎಲ್ಲ ಊರಿನಲ್ಲೂ ಕಿಡಕಿಯ ಮೂಡಲಿಗೆ ಜಾಲಿಗಿಡವೇ?"

"ಹೌದ್ರಿ. ಕಂಡದ್ದನ್ನೇ ಬರದೀನ್ರಿ."

"ಆಡಕಿ ಕಡೆ ಇಟ್ಟ ತತ್ತಿ ಮುಂದಿನ ಊರಿನಲ್ಲಿ ಒಡೆಯಿತು. ಇನ್ನೂ ನಾಲ್ಕು ಊರು ದಾಟುವುದರಲ್ಲಿ ಮರಿಗಳಿಗೆ ಕಣ್ಣು ಬಂತು. ನಿನ್ನೆಯ ಊರಿನಲ್ಲಿ ರೆಕ್ಕೆ ಬಡಿದವು." ಅವರು ಪುಸ್ತಕ ಕೆಳಗಿಟ್ಟರು. "ಇಷ್ಟೂ ಊರು ಆ ಬೆಳವ ಗೂಡು ಹೊತ್ತುಕೊಂಡು ನಿಮ್ಮ ಹಿಂದೆ ಬಂತೇ?"

ನಾನು ಕಿಡಕಿಯ ಕಡೆ ಕೈ ತೋರಿಸಿದೆ.  ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಕಂಡದ್ದು ಬೆಳವ ಅಲ್ಲ, ವಾಡಿಯ ಆ ಕಾಯಂ ವರ ಬಾಸಿಂಗ ಕಟ್ಟಿಕೊಂಡು ಕೂತದ್ದು.

ದೊಡ್ಡ ಸಾಹೇಬರು ಎದ್ದು ಕಿಡಕಿಯ ಹತ್ತಿರ ಹೋದರು. ಗೂಡಿನ ಅಂಚಿನಲ್ಲಿ ಎರಡು ಮರಿ ನಿಂತಿದ್ದವು. ನಾವೆಲ್ಲ ಅವರ ಹಿಂದೆ ನಿಂತೆವು. ಒಂದು ಮರಿ ಅಲುಗಾಡಿತು, ಹಿಂದೆ ಸರಿಯಿತು, ಮತ್ತೆ ಮುಂದೆ ಬಂತು, ಆಮೇಲೆ ದೊಪ್ಪನೆ ಹಾರಿ ಮೋಟಾರಿನ ಮೇಲೆ ಕೂತಿತು. ಚಾಚಾ ಹೆದರಿ ಹಾರನ್ ಒತ್ತಿದ. ಅದಕ್ಕೆ ಹೆದರಿ ಎರಡನೆಯದೂ ಹಾರಿತು.

"ಬರೆದೆಯಾ?" ಎಂದರು ದೊಡ್ಡ ಸಾಹೇಬರು.

"ಇವತ್ತಿಂದು ಇನ್ನ ಬರೀಬೇಕ್ರಿ."

"ಬರಿ. ಚಿಂಚೋಳಿ ಮುಕ್ಕಾಂ. ಎರಡೂ ಹಾರಿದವು."

ಬರೆದೆ. ಅವರು ಗಡ್ಡ ನೀವುತ್ತ ಕೂತರು. ಅವರ ತೊಡಕು ನಮ್ಮದಕ್ಕಿಂತ ದೊಡ್ಡದು. ರೋಜನಾಮಚಾ ಸುಳ್ಳೆಂದರೆ ಹದಿನಾರು ಊರಿನ ಬಾವಿಯ ಹೂಳು ಹಾಗೇ ಉಳಿಯುತ್ತದೆ. ನಿಜವೆಂದರೆ ನಿಂತ ಗಾಡಿ ಹದಿನಾರು ಊರು ತಿರುಗಿದೆ. ಕಡೆಗೆ ಅವರು ಕಾಲಿನಿಂದ ನೆಲವನ್ನು ಎರಡು ಸಲ ಕುಟ್ಟಿ ನೋಡಿದರು. ಗಾಲಿ ಮನೆ ಮಿಸುಕಲಿಲ್ಲ.

"ಹದಿನಾರು ದಿನ ಅಲುಗಾಡದ್ದು ಗಾಡಿ ಅಲ್ಲ, ಕಟ್ಟಡ" ಎಂದರು. ಪುಸ್ತಕದ ಅಂಚಿನಲ್ಲಿ ತಮ್ಮ ಕೈಯಾರೆ ಬರೆದರು: ಮುಕ್ಕಾಂ ಒಂದೇ, ಬಂದ ಊರು ಹದಿನಾರು, ಎಲ್ಲ ಬಾವಿಗಳ ಲೆಕ್ಕ ಸರಿ ಇದೆ. ಇನ್ನು ಮುಂದೆ ಇದನ್ನು ಸರಕಾರಿ ಮುಸಾಫಿರಖಾನೆ, ಅಂದರೆ ದಾರಿಹೋಕರ ತಂಗುಮನೆ, ಎಂದು ತಿಳಿಯತಕ್ಕದ್ದು. ಸರಕಾರಿ ಕಟ್ಟಡ ಅಂದ ಮೇಲೆ ಒಬ್ಬ ಮೊಹರೀರ್ ಬೇಕು, ದಿನಾ ರೋಜನಾಮಚಾ ಬರೆಯಬೇಕು. ಕಾಯಂ.

"ಒಂದೇ ಗಿಡವನ್ನು ಹದಿನಾರು ದಿನ ನೋಡಿ ದಿನಾ ಬೇರೆ ಬರೆಯುವವನು ಎಲ್ಲಿ ಸಿಗುತ್ತಾನೆ" ಎಂದು ನನ್ನ ಹೆಸರನ್ನೇ ಹಾಕಿ ಹುಕುಂ ಬರೆದುಕೊಟ್ಟರು.

ಗಾಲಿ ಮನೆ ಕೈತಪ್ಪಿತೆಂದು ನಮ್ಮ ಸಾಹೇಬರಿಗೆ ಮಾತ್ರ ದುಃಖವಾಯಿತು. ಹೋಗುವ ಮುನ್ನ ಒಳಗೆ ಹೋಗಿ ಒಂದು ಸಲ ಸರಪಳಿ ಎಳೆದರು. ಗಂಟೆ ಬಿಡಿಸಿಟ್ಟ ಮೋಟಾರಿನಲ್ಲಿತ್ತು, ಸದ್ದು ಬರಲಿಲ್ಲ. ಕಾಕಾ ಎತ್ತು ಹೂಡಿದ, ಚಾಚಾ ಹಾರನ್ ಹೊಡೆದ, ಇಬ್ಬರೂ ಜಗಳವಾಡುತ್ತ ಹೋದರು.

ಹುಣ್ಣಿಮೆಯ ಹಿಂದಿನ ದಿನ ನಾನು ಮಾವನ ಊರು ಮುಟ್ಟಿದೆ. ಮಾವನಿಗೆ ಉರ್ದು ಬಾರದು. ಕುಲಕರ್ಣಿಯನ್ನು ಕರೆಸಿ ಹುಕುಂ ಓದಿಸಿದ. ಕುಲಕರ್ಣಿ ಎರಡು ಸಲ ಓದಿ ಕನ್ನಡಕ ತೆಗೆದ. "ಗೌಡ್ರ, ಗಾಲಿ ಇರೋ ಕಟ್ಟಡಕ್ಕ ಇವ್ನು ಕಾಯಂ ಅಂತ ಬರದಾರ."

ಮಾವ ನನ್ನ ಕಡೆ ತಿರುಗಿದ. "ಗಾಲಿ ಕಾಯಂ ಆಗ್ಯಾದೋ, ನೀ ಕಾಯಂ ಆಗಿದ್ಯೋ?"

"ಇಬ್ರೂ ಮಾಮಾ."

ಒಳಗಿನಿಂದ ಬಳೆಯ ಸಪ್ಪಳದ ಜೊತೆ ಒಂದು ನಗು ಕೇಳಿತು. ವಾಡಿಯವರಿಗೆ ಬರಬೇಡಿ ಎಂದು ಹೇಳಿ ಕಳಿಸಿದರು.

ನಮ್ಮ ಸಂಸಾರ ಶುರುವಾದದ್ದು ಅಲ್ಲೇ, ರೈಲಿನ ಡಬ್ಬಿಯಂಥ ಆ ಮನೆಯಲ್ಲಿ. ಬಂದ ದಿನವೇ ಆಕೆ ಒಲೆಯನ್ನು ಒಳಗೆ ತಂದಳು. ಮಣ್ಣಿನ ಗುಡ್ಡೆಗಳನ್ನೆಲ್ಲ ನೀರು ಹಾಕಿ ಕಲಸಿ ಅದರಿಂದಲೇ ಒಲೆ ಮಾಡಿದಳು. ಹದಿನಾರು ಊರಿನ ಒಲೆ.

"ಗಾಲಿ ಮನಿ ಅಂದ್ರ ಊರೂರು ತಿರಗ್ತದ ಅಂತ ಕುಣ್ಕೋತ ಬಂದಿದ್ದೆ" ಎಂದಳು ಒಂದು ದಿನ.

"ಕಾಗದದಾಗ ತಿರಗಿಸ್ತೀನಿ ಬಾ" ಎಂದೆ.

ಹೈದರಾಬಾದು ಭಾರತದಲ್ಲಿ ಸೇರಿದ ಮೇಲೆ ಹೊಸ ಅಧಿಕಾರಿಯೊಬ್ಬರು ಬಂದು ಮುಸಾಫಿರಖಾನೆ ಎಲ್ಲಿ ಎಂದು ಕೇಳಿದರು. ತೋರಿಸಿದೆ. ಸುತ್ತ ತಿರುಗಿ ನೋಡಿ, "ಇದಕ್ಕೆ ಗಾಲಿ ಯಾಕಿದೆ?" ಎಂದರು. ನಾನು ಮೊದಲ ರೋಜನಾಮಚಾ ತಂದು ಅವರ ಕೈಗೆ ಕೊಟ್ಟೆ. ಅವರು ಮೆಟ್ಟಿಲ ಮೇಲೆ ಕುಳಿತು ಓದತೊಡಗಿದರು. ಆಕೆ ಚಹಾ ಮಾಡಿದಳು. ಆ ವರ್ಷವೂ ಜಾಲಿಗಿಡದಲ್ಲಿ ಗೂಡು ಇತ್ತು, ಅಂದಿನ ಕೈಫಿಯತ್ತನ್ನು ನಾನು ಇನ್ನೂ ಬರೆದಿರಲಿಲ್ಲ.

ಬೆರಳು ನೋಯುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಓದಿದವರಲ್ಲಿ ಒಂದು ಬೇಡಿಕೆ. ತಿರುಗಲು ಹೊರಟು ಒಂದೇ ಕಡೆ ಕೂತುಬಿಟ್ಟವರು, ಕೂತಲ್ಲೇ ಊರೆಲ್ಲ ಕಂಡವರು ನಿಮ್ಮಲ್ಲೂ ಇರಬಹುದು. ಅಂಥ ದಿನಚರಿ ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಒಂದೆರಡು ಸಾಲು ಬರೆದು ತಿಳಿಸಿರಿ. ಕಿಡಕಿಯ ಹೊರಗೆ ಏನಿತ್ತು ಎಂಬುದನ್ನು ಮಾತ್ರ ಮರೆಯದೆ ಬರೆಯಿರಿ.